ಕೆಂಪು ಕೊಟ್ಟದ್ದು

ಗಾಂಧಿ ಸರ್ಕಲ್ಲಿನ ಮೂಲೆಯಲ್ಲಿ, ಎಳನೀರು ಗಾಡಿಯ ಹಿಂದೆ
ಒಂದು ತಗಡಿನ ಪೆಟ್ಟಿಗೆ. ಅದರ ಕೀಲಿ ನನ್ನ ಉಡಿದಾರದಲ್ಲಿ.
ಒಳಗೆ ಇರುವೆ, ಹಲ್ಲಿಯ ಮೊಟ್ಟೆ, ವೈರು,
ಮತ್ತೆ ದಾವಣಗೆರೆಯ ನಿಮಿಷಗಳು:
ಪಿ.ಬಿ. ರಸ್ತೆಗೆ ನಲವತ್ತೈದು, ಅಶೋಕ ರಸ್ತೆಗೆ ಇಪ್ಪತ್ತೈದು,
ಹಳದಿಗೆ ಮೂರು,
ನಾಲ್ಕೂ ಕಡೆ ಕೆಂಪು ಎರಡೇ ಸೆಕೆಂಡು.
ಆ ಎರಡರಲ್ಲಿ ಯಾರೂ ಯಾರಿಗೂ ಮೊದಲಲ್ಲ.

"ನಮ್ಮ ಕಡೆಗೆ ಒಂದೈದು ಜಾಸ್ತಿ ಕೊಡಪ್ಪಾ" ಅಂತಿದ್ದರು ಆಟೋದವರು.
"ಯಾರದ್ದು ಕಿತ್ತು ಕೊಡ್ಲಿ?" ಅಂತಿದ್ದೆ.
ನಗುತ್ತಿದ್ದರು.

ಪೆಟ್ಟಿಗೆ ಬಾಗಿಲಿನ ಒಳಮೈಗೆ ಅಂಟಿಸಿದ ಹಾಳೆಯಲ್ಲಿ
ಒಂಬತ್ತನೇ ಪ್ಲಾನು. ತುರ್ತು ತೆರವು.
ಹಳೇ ಊರಿನಿಂದ ಬರುವವರಿಗೆ ನೂರ ಎಂಬತ್ತು ಹಸಿರು,
ಉಳಿದವರಿಗೆ ಹದಿನೈದು.
ಬರೆದ ಇಂಜಿನಿಯರ್ ವರ್ಗವಾಗಿ ಆರು ವರ್ಷ.
ಅಂಚಿನಲ್ಲಿ ನಾನು ಚಹಾದ ಲೆಕ್ಕ ಬರೆದಿದ್ದೆ.

ಆ ರಾತ್ರಿ, ಹತ್ತರ ಮೇಲೆ ಹನ್ನೆರಡು ನಿಮಿಷ,
ಐಸ್ ಫ್ಯಾಕ್ಟರಿಯ ಪೈಪು ಒಡೆಯಿತು.
ಮೊದಲು ಬಂದದ್ದು ಶಬ್ದವಲ್ಲ, ವಾಸನೆ,
ನೂರು ಮೂತ್ರಿಮನೆಗಳ ಬಾಗಿಲು ಒಟ್ಟಿಗೇ ತೆರೆದ ಹಾಗೆ.
ಆಮೇಲೆ ಕಣ್ಣುರಿ.
ಆಮೇಲೆ ಜನ.
"ಗಾಳಿ ಎತ್ತ ಐತೆ?" ಕಂಟ್ರೋಲ್ ರೂಮು ಕೇಳಿತು.
ಮಂಡಕ್ಕಿ ಭಟ್ಟಿಗಳ ಚಿಮಣಿ ನೋಡಿದೆ.
ಆರಿಸದೆ ಬಿಟ್ಟು ಬಂದ ಒಲೆಗಳ ಹೊಟ್ಟಿನ ಹೊಗೆ
ಬೀದಿದೀಪದ ಮೇಲೆ ಅಡ್ಡಡ್ಡ ಮಲಗಿ
ದುರ್ಗದ ದಿಕ್ಕಿಗೆ ಹೊರಟಿತ್ತು.
ಹೇಳಿದೆ. ಒಂಬತ್ತು ಒತ್ತಿದೆ.

ಬಾಯಿಗೆ ಒದ್ದೆ ಟವೆಲು ಹಿಡಿದವರು,
ಒಂದೇ ಲೂನಾದ ಮೇಲೆ ನಾಲ್ವರು,
ತಳ್ಳುಗಾಡಿಯಲ್ಲಿ ಅಜ್ಜಿ, ಅಜ್ಜಿಯ ಮಡಿಲಲ್ಲಿ ಟಿ.ವಿ.,
ಮಸಿ ಮೈಯಲ್ಲೇ ಭಟ್ಟಿಯ ದಾದಾಪೀರ್ ಸಾಬರು.
ನೂರ ಎಂಬತ್ತು. ನೂರ ಎಪ್ಪತ್ತೊಂಬತ್ತು.
ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.
ಊರಿಗೆ ಊರೇ ನನ್ನ ಬೆರಳ ತುದಿಯಿಂದ ಹರಿಯುತ್ತಿತ್ತು.

ನೂರ ಹತ್ತಕ್ಕೆ ಸುದ್ದಿ ಬಂತು.
ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿದೆ.

ಅದಕ್ಕೆ ನನ್ನ ಕೀಲಿ ಹತ್ತುವುದಿಲ್ಲ.
ಅದರ ಧಣಿ ಬೇರೆ, ಗಡಿಯಾರ ಬೇರೆ.
ಅದಿರಿನ ಗೂಡ್ಸು, ಜನ ಕಂಡು ಹೆದರಿದ ಡ್ರೈವರು
ಉದ್ದಕ್ಕೂ ನಿಲ್ಲಿಸಿಬಿಟ್ಟಿದ್ದಾನೆ.
ನನ್ನ ಹಸಿರು, ಚೀಲಕ್ಕೆ ಅಕ್ಕಿ ಸುರಿದಂತೆ,
ಆ ರಸ್ತೆಗೆ ಮಕ್ಕಳು ಮರಿಗಳನ್ನು ಸುರಿಯುತ್ತಿದೆ.
ಹಾಳೆಯಲ್ಲಿ ಗೇಟಿನ ಮಾತೇ ಇಲ್ಲ.

ಕೆಂಪು ಕೊಟ್ಟೆ.

ಓಡಿ ಬರುವವರಿಗೆ, ಕೆಮ್ಮುವವರಿಗೆ, ಬೆನ್ನ ಮೇಲೆ ಗಾಳಿ ಬಿದ್ದವರಿಗೆ
ಕೆಂಪು.
ಹರಿಹರದ ಕಡೆಯ ಬಾಣವೊಂದನ್ನೇ ಹಸಿರಾಗಿ ಹಿಡಿದೆ,
ಬೆರಳು ತೆಗೆದರೆ ಆರುವ ಹಾಗಿತ್ತು.
ಹೋಮ್ ಗಾರ್ಡ್ ಕೆಂಚಮ್ಮ ಬ್ಯಾರಿಕೇಡು ಎಳೆದು ಕೈ ಅಗಲಿಸಿ ನಿಂತಳು.
"ಹಿಂಗಲ್ಲ, ಹಂಗೆ! ಹಂಗೆ ನಡೀರಿ!"
"ನಿನ್ನ ದೀಪಕ್ಕೆ ಬೆಂಕಿ ಬೀಳ!" ಅಂದರು ಯಾರೋ.
ಚಪ್ಪಲಿಯೊಂದು ಬಂದು ಪೆಟ್ಟಿಗೆಗೆ ಬಡಿಯಿತು.
ಎಷ್ಟು ಸೆಕೆಂಡು, ಕೇಳಬೇಡಿ.
ಆವತ್ತೊಂದು ದಿನ ನಾನು ಎಣಿಸಲಿಲ್ಲ.

ಎಣಿಸಿದ್ದು ಆಮೇಲೆ.
ಮೊದಲ ಎಪ್ಪತ್ತು ಸೆಕೆಂಡಿನಲ್ಲಿ ನಾನೇ ಗೇಟಿಗೆ ಕಳಿಸಿದವರು
ವ್ಯಾಗನ್ನುಗಳ ಕೆಳಗೆ ನುಸುಳಿ ದಾಟಿದರಂತೆ,
ಅಜ್ಜಿಯನ್ನೂ ಮಲಗಿಸಿ ಎಳೆದುಕೊಂಡು.
ರೈಲು ಅಲುಗಲಿಲ್ಲ.
ಅಲುಗದೆ ಇದ್ದದ್ದು ಯಾರ ಪ್ಲಾನಿನಲ್ಲೂ ಇಲ್ಲ.

ಎಂಟು ದಿನ ಕಳೆದು ದಾದಾಪೀರ್ ಸಾಬರು ಬಂದರು.
ಒಂದು ಸೇರು ಮಂಡಕ್ಕಿ ಇಟ್ಟರು. ಮಾತಿಲ್ಲ.
ಪೆಟ್ಟಿಗೆಯ ಮೇಲಿದ್ದ ಎಡಗಾಲಿನ ಚಪ್ಪಲಿ ಎತ್ತಿಕೊಂಡು,
ಧೂಳು ಕೊಡವಿ, ಮೆಟ್ಟಿಕೊಂಡು ಹೋದರು.

ಈಗ ಹೊಸ ಹಾಳೆ ಬಂದಿದೆ, ಲ್ಯಾಮಿನೇಟ್ ಮಾಡಿದ್ದು.
ಇನ್ನೂರ ಹತ್ತು ಹಸಿರು. ಗೇಟಿನ ಮಾತು ಇದರಲ್ಲೂ ಇಲ್ಲ.
ಪಕ್ಕದ ತಗಡಿನ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದೇನೆ:
ಮೊದಲು ಗೇಟು ಕೇಳು.
ಮಳೆಗಾಲದಲ್ಲಿ ಬೆವರಿ ಅಳಿಸುತ್ತದೆ.
ಮತ್ತೆ ಬರೆಯುತ್ತೇನೆ.